ಅಮರೇಶಜ್ಜನಿಗೆ, ಗಣಿಗೆ ಇಳಿಯುವ ಮುಂಚೆ

ಆರಿದ ಶಕ ೧೧೨, ಕಾರಹುಣ್ಣಿಮೆಯ ಮರುದಿನ

ಅಮರೇಶಜ್ಜಾ,

ನಿನಗಿನ್ನೂ ಇಪ್ಪತ್ತೆರಡು, ನನಗೆ ಅರವತ್ತು ದಾಟಿದೆ. ಆದರೂ ನೀನು ನನ್ನ ಮುತ್ತಜ್ಜಿಯ ಅಜ್ಜ, ಹೀಗೆಯೇ ಕರೆಯುತ್ತೇನೆ. ಕೊನೆಯ ಕಲ್ಲಿದ್ದಲ ಕುಲುಮೆ ಆರಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. 'ಕಲ್ಲಿದ್ದಲು' ಎಂಬ ಮಾತೇ ಈಗ ಬಳಕೆಯಲ್ಲಿಲ್ಲ, ನಮ್ಮವ್ವ ಹೇಳಿಕೊಟ್ಟದ್ದರಿಂದ ಬಲ್ಲೆ. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಮನ್ನಿಸು.

ನೀನು ಇಳಿಯಲಿರುವ ಗಣಿ ಈಗ ಕೆರೆಯಾಗಿದೆ. ಅದರ ದಂಡೆಯಲ್ಲೇ ನಮ್ಮ ಮನೆ. ಮಕ್ಕಳು ಶಾಲೆಗೆ ಹೋಗುವ ಮುನ್ನ ಉಸಿರುಗನ್ನಡಿಯ ಮುಂದೆ ನಿಲ್ಲುತ್ತಾರೆ. ಎದೆಯೊಳಗಿನ ಶ್ವಾಸಕೋಶ ಅದರಲ್ಲಿ ಕಾಣುತ್ತದೆ. ನನ್ನ ಮೊಮ್ಮಗಳದು ತಾವರೆ ಮೊಗ್ಗಿನ ಬಣ್ಣ. ಅದನ್ನು ಕಂಡಾಗಲೆಲ್ಲ ನಿನ್ನಪ್ಪ ಯಂಕೋಬಜ್ಜ ನೆನಪಾಗುತ್ತಾನೆ.

ರಾಯಚೂರು ಕಡೆಯಿಂದ ಹೆಂಡತಿ ಮಾನಮ್ಮನನ್ನು ಕರೆದುಕೊಂಡು ಗೋದಾವರಿ ದಾಟಿ ಹೋದವನು ಅವನು. ನೆಲದಡಿಯಲ್ಲಿ ಕಲ್ಲಿದ್ದಲಿಗೆ ರಂಧ್ರ ಕೊರೆಯುವ ಕೆಲಸ. ಏಳುವ ದೂಳನ್ನೇ ಉಸಿರಾಡಿದ. ಉಗುಳಿದರೆ ಕಪ್ಪು. ಗಣಿಯ ಡಾಕ್ಟರು ಬೀಡಿಯ ಕೆಮ್ಮು ಎಂದರು. ಅವನು ಜನ್ಮದಲ್ಲಿ ಬೀಡಿ ಮುಟ್ಟಿರಲಿಲ್ಲ. ಕೊನೆಗೆ ಮಲಗಿದರೆ ಉಸಿರು ಕಟ್ಟತೊಡಗಿತು. ಮಾನಮ್ಮ ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ವರ್ಷಗಟ್ಟಲೆ ಇಬ್ಬರೂ ಹಾಗೆಯೇ ನಿದ್ದೆ ಮಾಡಿದರು.

ದುಡಿಯಲು ಅನರ್ಹನೆಂದು ಗಣಿಯವರು ಬರೆದುಕೊಟ್ಟರೆ ಅವನ ಬದಲು ಮಗನಿಗೆ ಗಣಿಯಲ್ಲಿ ಕೆಲಸ. ಅದಕ್ಕಾಗಿಯೇ ನಿನ್ನಪ್ಪ ಕಾಯ್ದ. ನಿನ್ನ ಕಾಲದ ಈ ದಿನ, ಇವತ್ತು, ಬರೆದುಕೊಟ್ಟರು. ಜಿಲೇಬಿ ಕಟ್ಟಿಸಿಕೊಂಡು, ಓಣಿಯುದ್ದಕ್ಕೂ ನಿಂತು ನಿಂತು ಉಸಿರೆಳೆದುಕೊಳ್ಳುತ್ತ, ನಗುತ್ತ ಮನೆಗೆ ಬಂದ.

"ಏಯ್, ಬಾಯಿ ಸಿಹಿ ಮಾಡ್ಕೊ ಬಾ. ಅಮರೇಶಂಗ ಪರ್ಮನೆಂಟ್ ನೌಕ್ರಿ ಬಂತು!"

ಮಾನಮ್ಮ ಹೊಸ್ತಿಲಿಗೆ ಅಡ್ಡ ಕೂತಳು. "ಒಬ್ಬನ್ನ ಕೊಟ್ಟೀನಿ. ಇನ್ನೊಬ್ಬನ್ನ ಕೊಡಂಗಿಲ್ಲ."

"ನನ್ನ ಎದಿ ಸುಟ್ಕೊಂಡು ಗಳಿಸೀನಿ ಅದನ್ನ. ಹಾಳ ಮಾಡಬ್ಯಾಡ."

ನೀನೀಗ ಇಬ್ಬರ ನಡುವೆ ನಿಂತಿದ್ದೀ, ಕೈಯಲ್ಲಿ ಅಪ್ಪನ ಹೆಲ್ಮೆಟ್ಟು. ಮುಂದೆ ಆದದ್ದನ್ನು ನಾನು ಹೇಳುತ್ತೇನೆ.

"ಸ್ವಲ್ಪ ವರ್ಷ ಅಷ್ಟ, ಯವ್ವಾ" ಎಂದು ನೀನು ಅವ್ವನನ್ನು ದಾಟಿ ಹೋದೆ. ಎರಡನೆಯ ಮಳೆಗಾಲದಲ್ಲಿ ಯಂಕೋಬಜ್ಜ ಆಕೆಗೆ ಒರಗಿಕೊಂಡೇ ತೀರಿಕೊಂಡ. ಬೆನ್ನು ತಣ್ಣಗಾದ ಮೇಲೆಯೇ ಆಕೆಗೆ ತಿಳಿದದ್ದು. ನಲವತ್ತು ತುಂಬುವ ಮೊದಲೇ ನೀನೂ ಮೆಟ್ಟಿಲ ನಡುವೆ ನಿಲ್ಲತೊಡಗಿದೆ. ಮಗಳನ್ನು ಎತ್ತಿಕೊಳ್ಳಲಾರದೆ, ಆಟವೆಂಬಂತೆ ನೆಲದ ಮೇಲೆ ಕೂತು ಮಡಿಲಿಗೆ ಕರೆಯುತ್ತಿದ್ದೆ. ಒಂದು ಮಧ್ಯಾಹ್ನ, ಕೆಮ್ಮಿ ಒರೆಸಿಕೊಂಡ ಟವೆಲ್ಲನ್ನು ನೀನು ಬಚ್ಚಿಡುವುದನ್ನು ನಿನ್ನವ್ವ ಕಂಡಳು. ಬೈಯಲಿಲ್ಲ. ಬಂದು ನಿನ್ನ ಹಿಂದೆ ಕೂತು, "ಒರಗಪಾ" ಎಂದಳು. ಆಕೆಗಾಗ ಅರವತ್ತು ದಾಟಿತ್ತು. ನೀನು ತೀರಿಕೊಂಡ ಮೇಲೂ ಆಕೆ ಗೋಡೆಗೊರಗಿಯೇ ಇರುತ್ತಿದ್ದಳಂತೆ. ಯಾರಾದರೂ ಚಾಪೆ ಹಾಸಿದರೆ, "ಮಕ್ಕೊಳ್ಳೋದ ಮರತೀನಿ ತಾಯಿ" ಎನ್ನುತ್ತಿದ್ದಳಂತೆ.

ಹೋಗಬೇಡ, ಅಜ್ಜಾ. ಆ ನೌಕರಿ ನೋಡಿಯೇ ನಿನಗೆ ಹೆಣ್ಣು ಕೊಟ್ಟರೆಂದು ಬಲ್ಲೆ. ನೀನು ಹೋಗದಿದ್ದರೆ ಆ ಮಗಳು ಹುಟ್ಟುವುದಿಲ್ಲ. ನಾನೂ ಇರುವುದಿಲ್ಲ, ನನ್ನ ಮಕ್ಕಳು ಮೊಮ್ಮಕ್ಕಳೂ ಇರುವುದಿಲ್ಲ. ಬಹಳ ಯೋಚಿಸಿಯೇ ಬರೆಯುತ್ತಿದ್ದೇನೆ. ಹೆಲ್ಮೆಟ್ಟು ಕೆಳಗಿಡು. ಇಬ್ಬರನ್ನೂ ಕರೆದುಕೊಂಡು ಊರಿನ ಬಸ್ಸು ಹತ್ತು. ಅಪ್ಪನಿಗೆ ಕಿಟಕಿಯ ಪಕ್ಕದ ಸೀಟು ಕೊಡು, ಗಾಳಿ ಬರಲಿ.

ನಿನ್ನವಳೇ,
ಹುಲಿಗೆಮ್ಮ