ಕಪ್ ತೊಳೆಯಲು ಬಂದವರು

ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಷಿಗನ್
ಸೆಪ್ಟೆಂಬರ್ ೨೦, ೧೯೮೭, ಭಾನುವಾರ

ಪ್ರೀತಿಯ ತಂಗಿ ಅಲೀಡಾಗೆ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಬೈಯುವುದಿದ್ದರೆ ಈಗಲೇ ಬೈದುಬಿಡು, ಆಮೇಲೆ ಮುಂದೆ ಓದು. ನೀನು ಆರೋಗ್ಯವಾಗಿದ್ದೀಯ, ನಿನ್ನ ಗಂಡ ರಾಯ್‌ನ ಸೊಂಟ ನೆಟ್ಟಗಾಗಿದೆ ಎಂದುಕೊಂಡಿದ್ದೇನೆ. ತಡವಾದದ್ದು ಸೋಮಾರಿತನದಿಂದಲ್ಲ. ತೋಟದ ಟೊಮೆಟೊ ಬೇಯಿಸಿ ಬಾಟಲಿಗೆ ತುಂಬಿದೆ. ಬೀಟ್‌ರೂಟ್ ಉಪ್ಪಿನಕಾಯಿ ಹಾಕಿದೆ. ಚರ್ಚಿನ ಅಡುಗೆಮನೆಯ ಕಪಾಟುಗಳನ್ನೆಲ್ಲ ಖಾಲಿಮಾಡಿ ಉಜ್ಜಿದೆ. ಪಾದ್ರಿಗಳ ಹೆಂಡತಿಗೆ ಹೆರಿಗೆಯಾದ ಮೇಲೆ ಅವರ ಮನೆಯ ಬಟ್ಟೆಯ ಇಸ್ತ್ರಿಯೂ ನನ್ನದೇ. ಯಾರೂ ಕರೆದಿರಲಿಲ್ಲ, ನಾನೇ ಹೋದೆ. ಇವತ್ತು ಬೆಳಗಿನ ಆರಾಧನೆ ಮುಗಿದು ಸಂಜೆಯದಕ್ಕೆ ಇನ್ನೂ ಹೊತ್ತಿದೆ. ಒಲೆಯ ಪಕ್ಕದ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ನನ್ನ ಹಾರ್ಲನ್ ತೀರಿಹೋದಮೇಲೆ ಒಬ್ಬಳೇ ಏನು ಮಾಡುತ್ತೀಯ, ಚಳಿಗಾಲಕ್ಕೆ ಎಸ್ಕನಾಬಾಕ್ಕೆ ಬಂದುಬಿಡು ಎಂದು ಬರೆದಿದ್ದೀಯ. ಕೆಳಗೇ ರಾಯ್ ತನ್ನ ಕೋಳಿಕಾಲು ಅಕ್ಷರದಲ್ಲಿ, 'ಬರುವುದಾದರೆ ಬಸ್ಸಿನಲ್ಲಿ ಬರಬೇಡ, ಬಂದವಳನ್ನು ಇಳಿಸಿಕೊಳ್ಳಲು ನಾಲ್ಕು ಜನ ಬೇಕಾಗುತ್ತದೆ' ಎಂದು ಸೇರಿಸಿದ್ದಾನೆ. ಕಳೆದ ಸಲ ಇಲ್ಲಿಂದ ಹಿಂತಿರುಗಿದವನು ಮೂರು ದಿನ ಬಗ್ಗಿಯೇ ನಡೆದನಂತಲ್ಲ. ಈಗ ಹೇಳಲು ಹೊರಟಿರುವುದು ಆ ಬಸ್ಸಿನ ಸೀಟಿನ ಕಥೆಯೇ. ಅವನಿಗೂ ಓದಿ ಹೇಳು.

ನಮ್ಮ ಕಾರ್ಖಾನೆಯಲ್ಲಿ ದೂರದ ಬಸ್ಸುಗಳಿಗೆ ಹೊಸ ಸೀಟು ಮಾಡಿಕೊಡುವ ಕೆಲಸ ಬಂದಿತ್ತು. ನಿನ್ನ ಊರಿನ ಬಸ್ಸೂ ಅದರಲ್ಲಿ ಸೇರಿದೆ. ಬಸ್ ಕಂಪನಿಯವರಿಗೆ ಒಪ್ಪಿಗೆಯಾಗದಿದ್ದರೆ ಕೆಲಸ ಬೇರೆ ರಾಜ್ಯಕ್ಕೆ ಹೋಗುತ್ತದೆ, ನಮ್ಮ ಹೊಲಿಗೆ ವಿಭಾಗದಲ್ಲಿ ಅರ್ಧ ಜನ ಮನೆಗೆ ಹೋಗುತ್ತೇವೆ. ಒಪ್ಪಿಗೆಯಾಗಿಯೂ ಸೀಟು ಕೆಟ್ಟದಾಗಿದ್ದರೆ ರಾಯ್‌ನಂಥವರು ಇನ್ನು ಹತ್ತು ವರ್ಷ ಬಗ್ಗಿ ನಡೆಯುತ್ತಾರೆ. ಸೀಟಿನ ಆಕಾರ ಹಾಕಿದವಳು ಕಾರ್ಮೆಲಾ ಎಂಬ ಹುಡುಗಿ. ಎಂಜಿನಿಯರು, ಇಟಲಿಯವರ ಪೈಕಿ, ನ್ಯೂವಾರ್ಕಿನವಳು. ಮಾತು ಶುರುಮಾಡಿದರೆ ಗಿರಣಿ ಬಿಟ್ಟ ಹಾಗೆ. ಕಾಫಿ ಕೆಟ್ಟದಾಗಿದ್ದರೆ ಮಾಡಿದವರ ಎದುರಿಗೇ ಕೆಟ್ಟದಾಗಿದೆ ಎನ್ನುತ್ತಾಳೆ. ಮೊದಲ ವಾರ ನನಗೆ ಅವಳನ್ನು ಕಂಡರಾಗುತ್ತಿರಲಿಲ್ಲ, ಈಗ ಅವಳಿಲ್ಲದಿದ್ದರೆ ಮಧ್ಯಾಹ್ನದ ಊಟ ಸೇರುವುದಿಲ್ಲ.

ಸೀಟನ್ನು ಜನ ಕೂತು ನೋಡಬೇಕು, ಎಸ್ಕನಾಬಾಕ್ಕೆ ಹೋಗುವಷ್ಟು ಹೊತ್ತೇ, ಬೆಳಗಿನಿಂದ ಸಂಜೆವರೆಗೆ, ಕೂರಬೇಕು ಎಂದಳು. "ಅಷ್ಟು ಪುರುಸೊತ್ತಿರೋ ಜನ ಎಲ್ಲಿ ಸಿಗ್ತಾರೆ ಟ್ರೀನಾ?" ಎಂದು ನನ್ನನ್ನು ಕೇಳಿದಳು. ಸಿಗದೆ ಏನು, ನಮ್ಮ ಚರ್ಚಿನ ಹಿರಿಯರೆಲ್ಲ ಸಾಲಾಗಿ ಬಂದರು. ಸೆಲರಿ ಸೊಪ್ಪು ಬೆಳೆಯುತ್ತಿದ್ದ ಸೈ ಪೋಸ್ಟ್ಮಾ ಗೊತ್ತಲ್ಲ, ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸುವ ಎತ್ತರದವನು, ಅವನು ಬಂದ. ನಮ್ಮ ಗರ್ಟಿ ಬ್ರೌವರ್ ಬಂದಳು, ಕೂತರೆ ಅವಳ ಕಾಲು ನೆಲ ಮುಟ್ಟುವುದಿಲ್ಲ. ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಸೀಟುಗಳನ್ನು ಬಿಗಿದು, ಬಸ್ಸಿನ ಹಾಗೆ ಅಲುಗಾಡಿಸುವ ಯಂತ್ರವನ್ನು ಕೆಳಗೆ ಇಟ್ಟಿದ್ದರು. ಎಲ್ಲರೂ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು, ಚರ್ಚಿನಲ್ಲಿ ಪಾದ್ರಿಗಳ ಪ್ರಸಂಗ ಕೇಳಲು ಕೂತ ಹಾಗೆ ನೆಟ್ಟಗೆ ಕೂತರು.

ಕಾರ್ಮೆಲಾ ಗಂಟೆಗೊಮ್ಮೆ ಬಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು.

"ಹೇಗಿದೆ ಸೀಟು?"

"ಪರವಾಗಿಲ್ಲ."

"ಎಲ್ಲಾದ್ರೂ ಒತ್ತುತ್ತಾ? ನೋಯುತ್ತಾ?"

"ಏನಿಲ್ಲಮ್ಮ, ಪರವಾಗಿಲ್ಲ. ನೀನ್ಯಾಕೆ ಅಷ್ಟೊಂದು ಯೋಚ್ನೆ ಮಾಡ್ತೀಯ?"

ಕಾಫಿಯ ಹೊತ್ತಾಯಿತು. ಕಪ್‌ಗಳನ್ನು ಒಟ್ಟುಮಾಡಿ ನಾನು ತೊಳೆಯಲು ನಿಂತದ್ದೇ ತಡ, ಗರ್ಟಿ ಎದ್ದುಬಂದಳು. "ಕೊಡೆ, ನಾನು ಒರೆಸ್ತೀನಿ." ಅವಳ ಹಿಂದೆಯೇ ಇನ್ನಿಬ್ಬರು. ಸೈ ಪೋಸ್ಟ್ಮಾ, ಹುಟ್ಟಿದಾರಭ್ಯ ಒಂದು ಚಮಚ ತೊಳೆಯದ ಗಂಡಸು, ಕಸಬರಿಕೆ ಎಲ್ಲಿದೆ ಎಂದು ಕೇಳಿದ. ಕಪ್‌ಗಳನ್ನು ಎರಡೆರಡು ಸಲ ತೊಳೆದರು. ಕಿಟಕಿ ಒರೆಸಿದರು. ಕಾರ್ಮೆಲಾಳ ಕಣ್ಣು ಒದ್ದೆಯಾಯಿತು. "ನಮ್ಮ ಕಡೆ ಇಂಥ ಜನ ದುಡ್ಡು ಕೊಟ್ರೂ ಸಿಗಲ್ಲ," ಎಂದಳು. ನನಗೂ ನಮ್ಮವರ ಬಗ್ಗೆ ಹೆಮ್ಮೆಯೆನಿಸಿತು, ಸುಳ್ಳು ಹೇಳಲಾರೆ. ಸೀಟು ಪಾಸು ಎಂದು ನಮ್ಮ ಮೇಲಿನವರಾದ ಕ್ಲೇಟನ್ ಅವರಿಗೆ ಸುದ್ದಿ ಹೋಯಿತು.

ಮುಂದಿನ ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಯಾರದೋ ಮದುವೆಯ ಐವತ್ತನೇ ವರ್ಷದ ಊಟ. ಅದೇ ಮಂದಿ, ಮಡಚುವ ಮರದ ಕುರ್ಚಿಗಳು. ಊಟವಾಯಿತು, ಭಾಷಣವಾಯಿತು, ಕಾಫಿಯಾಯಿತು, ಹರಟೆ ಮುಗಿಯುವ ಲಕ್ಷಣವೇ ಇಲ್ಲ. ನಾನೊಬ್ಬಳೇ ಸಿಂಕಿನ ಮುಂದೆ ನಿಂತು ಬೆಟ್ಟದಷ್ಟು ಕಪ್ ತೊಳೆಯುತ್ತಿದ್ದೆ. ಒಂದು ನರಪಿಳ್ಳೆಯೂ ಏಳಲಿಲ್ಲ. ಮೊದಲು ಸಿಟ್ಟು ಬಂತು. ಅಲ್ಲಿ ಆ ಪರಿ ಓಡಿಬಂದವರಿಗೆ ಇಲ್ಲಿ ಏನು ಧಾಡಿ ಎಂದುಕೊಂಡೆ. ಹಾಗೆ ಅಂದುಕೊಂಡ ಕೂಡಲೇ ಕೈಯಲ್ಲಿದ್ದ ಕಪ್ ಕೈಯಲ್ಲೇ ಉಳಿಯಿತು.

ಗರ್ಟಿಯನ್ನು ಕರೆದು ಕೇಳಿದೆ. "ನಿಜ ಹೇಳು, ಅವತ್ತು ಕಪ್ ಒರೆಸೋಕೆ ಯಾಕೆ ಬಂದೆ?"

"ಸಹಾಯಕ್ಕೆ ಅಂತ ಬಂದೆ ಕಣೆ."

"ಗರ್ಟಿ, ಇದು ಚರ್ಚು."

ಅವಳು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದಳು. "ತೊಡೆ ಕೆಳಗೆ ಜೋಮು ಹಿಡಿದು ಕಾಲು ನಂದೋ ಅಲ್ವೋ ಗೊತ್ತಾಗ್ತಿರಲಿಲ್ಲ. ಸೈ ಬೆನ್ನು ಬಿಲ್ಲಾಗಿತ್ತು. ನಿನ್ನ ಸೀಟಿಗಿಂತ ಈ ಮರದ ಕುರ್ಚಿ ಎಷ್ಟೋ ವಾಸಿ."

"ಆ ಹುಡುಗಿ ಅಷ್ಟು ಸಲ ಕೇಳಿದ್ಲಲ್ಲೆ, ಹೇಳೋಕೇನಾಗಿತ್ತು?"

"ಹೇಗೆ ಹೇಳೋದು? ಅವಳು ಕಷ್ಟಪಟ್ಟು ಮಾಡಿದ್ದು. ನೀನೋ, ಗಂಡ ಹೋಗಿ ಆರು ತಿಂಗಳಾಗಿಲ್ಲ, ಕರೆದಿದ್ದೀಯ. ದೂರು ಹೇಳೋಕೆ ಬರ್ತಾರಾ ಯಾರಾದ್ರೂ?" ಎಂದವಳು ನನ್ನ ಕೈಯ ಬಟ್ಟೆಗೆ ಕೈ ಹಾಕಿದಳು. "ಕೊಡು ಇಲ್ಲಿ. ನೀನು ಸ್ವಲ್ಪ ಕೂತ್ಕೋ."

"ಪರವಾಗಿಲ್ಲ," ಎಂದೆ.

ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುತ್ತಾರೆ. ನಮ್ಮ ಡಚ್ಚರ ಮಂದಿ ಅಳುವುದಿಲ್ಲ, ಎದ್ದು ತೊಟ್ಟಿಲು ಒರೆಸುತ್ತಾರೆ. ಅಮ್ಮ ನಮ್ಮನ್ನು ಬೆಳೆಸಿದ್ದೇ ಹಾಗಲ್ಲವೇ? ಮುಳ್ಳು ಚುಚ್ಚಿದರೂ, "ಕಣ್ಣಿಗೆ ಚುಚ್ಚಲಿಲ್ಲವಲ್ಲ, ಹೋಗಿ ಕೋಳಿಗೆ ಕಾಳು ಹಾಕು" ಎನ್ನುತ್ತಿದ್ದಳು.

ಮರುದಿನ ಕಾರ್ಮೆಲಾಳಿಗೆ ಎಲ್ಲ ಹೇಳಿದೆ. "ಅಂದ್ರೆ ಅವರು ಕಿಟಕಿ ಒರೆಸಿದ್ದು ನನ್ನನ್ನ ಬೈದಿದ್ದಾ?" ಎಂದಳು.

"ಬೈದಿದ್ದೇ. ನಮ್ಮ ಕಡೆ ಅದಕ್ಕಿಂತ ಜೋರಾಗಿ ಬೈಯಲ್ಲ."

"ನಮ್ಮಜ್ಜಿ ಆಗಿದ್ರೆ ಚಪ್ಪಲಿ ಎಸೀತಿದ್ಲು. ಅದೇ ಸುಲಭ."

ಇಬ್ಬರೂ ಕ್ಲೇಟನ್ ಬಳಿ ಹೋದೆವು. ಅವರೂ ನಮ್ಮವರೇ, ನಮ್ಮ ಚರ್ಚಿನ ಎರಡನೇ ಬೆಂಚಿನವರು. ಸೀಟನ್ನು ಮೆತ್ತಗೆ ಮಾಡಿ ಎಂದು ಹಟ ಹಿಡಿದವರೂ ಅವರೇ. "ಕೊಳ್ಳೋ ಜನ ಎರಡು ನಿಮಿಷ ಕೂತು ನೋಡ್ತಾರಮ್ಮ. ಎರಡು ನಿಮಿಷಕ್ಕೆ ಇದು ಸ್ವರ್ಗ. ಪಾಸಾದ ಸೀಟನ್ನ ಯಾರಾದ್ರೂ ನಪಾಸು ಮಾಡ್ತಾರಾ? ಕಪ್ ತೊಳೆದ್ರು ಅಂತ?"

ಕಾರ್ಮೆಲಾ ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡೆ. ಅವಳು ನಕ್ಕು, "ನೀವೇ ಬನ್ನಿ ಸಾರ್. ನಿಮ್ಮ ಕಾಗದ ಪತ್ರ ಎಲ್ಲ ಅಲ್ಲೇ ನೋಡಿ," ಎಂದು ಅವರನ್ನು ಅದೇ ಸೀಟಿನಲ್ಲಿ ಕೂರಿಸಿ ಯಂತ್ರ ಚಾಲೂ ಮಾಡಿದಳು. ನಾವಿಬ್ಬರೂ ಎದುರಿಗೆ ಹೊಲಿಗೆ ಹಿಡಿದು ಕೂತೆವು. ಮೊದಲ ಗಂಟೆ ರಾಜನ ಹಾಗಿದ್ದರು. ಆಮೇಲೆ ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ಹೊರಳಿದರು. ಪೆಪ್ಪರ್‌ಮಿಂಟಿನ ಮೇಲೆ ಪೆಪ್ಪರ್‌ಮಿಂಟ್ ಹೋಯಿತು. ಕಾರ್ಮೆಲಾ, "ಹೇಗಿದೆ ಸಾರ್?" ಎಂದಳು. "ಪರವಾಗಿಲ್ಲ, ಪರವಾಗಿಲ್ಲ," ಎಂದವರು ಸ್ವಲ್ಪ ಹೊತ್ತಿಗೇ ಗಂಟಲು ಸರಿಮಾಡಿಕೊಂಡರು. "ನಿಮಗೆಲ್ಲ ಕಾಫಿ ಬೇಕೇನೋ? ಇರಿ, ನಾನೇ ತರ್ತೀನಿ."

ಅಲೀಡಾ, ಆ ಮನುಷ್ಯ ನಮ್ಮ ಕಾರ್ಖಾನೆಗೆ ಬಂದಂದಿನಿಂದ ಯಾರಿಗೂ ಒಂದು ಲೋಟ ನೀರು ತಂದುಕೊಟ್ಟವರಲ್ಲ. ಹೊಲಿಗೆಯವರು, ಸ್ಪಂಜು ಕತ್ತರಿಸುವವರು, ಎಲ್ಲರೂ ಬಂದು ನಿಂತು ನೋಡಿದರು. ಬಾಗಿಲವರೆಗೆ ಹೋದ ಕ್ಲೇಟನ್ ಅಲ್ಲೇ ನಿಂತು, ನಮ್ಮ ಕಡೆ ತಿರುಗದೆ, "ಆಯ್ತು, ಮತ್ತೆ ಮಾಡಿ," ಎಂದರು. ಮುಖ ಕೆಂಪಾಗಿತ್ತು, ಆದರೆ ಕಾಫಿಯನ್ನು ತಂದೇ ಕೊಟ್ಟರು.

ಮತ್ತೆ ಮಾಡಿದೆವು. ಗಟ್ಟಿ ಸ್ಪಂಜು ಹಾಕಿದೆವು, ಕೂತವರು ಕುಸಿದು ಕೆಳಗಿನ ಹಲಗೆಗೆ ತಾಗಬಾರದಲ್ಲ. ತೊಡೆ ಒತ್ತುತ್ತಿದ್ದ ಮುಂದಿನ ಅಂಚನ್ನು ಇಳಿಜಾರು ಮಾಡಿದೆವು. ಬೆನ್ನಿನ ಉಬ್ಬನ್ನು ಭುಜದಿಂದ ಸೊಂಟಕ್ಕೆ ಇಳಿಸಿದೆವು, ಗರ್ಟಿಯಂಥವರಿಗಾಗಿ ಕಾಲಿಡಲು ಒಂದು ಅಡ್ಡಪಟ್ಟಿ ಹಾಕಿದೆವು. ಹೊಲಿಗೆಯನ್ನು ನಾನು ಮೂರು ಸಲ ಬಿಚ್ಚಿ ಹಾಕಿದೆ. ಮೊನ್ನೆ ಗುರುವಾರ ಅದೇ ಮಂದಿಯನ್ನು ಮತ್ತೆ ಕರೆದೆವು, ಬಸ್ ಕಂಪನಿಯವರೂ ಬಂದು ಗೋಡೆಗೊರಗಿ ನಿಂತಿದ್ದರು. ಈ ಸಲ ಕಾರ್ಮೆಲಾ ಯಾರನ್ನೂ ಏನೂ ಕೇಳಲಿಲ್ಲ, ತುಟಿ ಕಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಕಾಫಿ ಕೊಟ್ಟೆ, ಸೇಬಿನ ಪೈ ಕೊಟ್ಟೆ, ಕಪ್ ಒಟ್ಟುಮಾಡಿದೆ. ಬೇಕೆಂದೇ ಸದ್ದು ಮಾಡಿಕೊಂಡು ಸಿಂಕಿಗೆ ಹಾಕಿದೆ.

ಯಾರೂ ಬರಲಿಲ್ಲ. ತಿರುಗಿ ನೋಡಿದರೆ ಸೈ ಪೋಸ್ಟ್ಮಾ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಗರ್ಟಿ ಅಡ್ಡಪಟ್ಟಿಯ ಮೇಲೆ ಕಾಲಿಟ್ಟುಕೊಂಡು ಸ್ವೆಟರ್ ಹೆಣೆಯುತ್ತಿದ್ದಳು.

"ಗರ್ಟಿ, ಒರೆಸೋಕೆ ಬರ್ತೀಯಾ?" ಎಂದೆ.

"ನೀನೇ ಒರೆಸ್ಕೋ. ನಂಗೆ ಇಲ್ಲಿ ಚೆನ್ನಾಗಿದೆ."

ಕಾರ್ಮೆಲಾ ಬಂದು ಎಲ್ಲರೆದುರಿಗೆ ನನ್ನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು. ಸೋಪಿನ ನೊರೆಯ ಕೈಯಲ್ಲಿ ನಾನೂ ತಬ್ಬಿಕೊಂಡೆ. ಬಸ್ ಕಂಪನಿಯವರು ಒಪ್ಪಿದ್ದಾರೆ, ನಮ್ಮ ವಿಭಾಗದಲ್ಲಿ ಯಾರ ಕೆಲಸವೂ ಹೋಗುವುದಿಲ್ಲ. ನಿನ್ನ ಊರಿನ ಬಸ್ಸಿಗೆ ಹೊಸ ಸೀಟು ಹಾಕುವ ಕೆಲಸ ನವೆಂಬರ್ ಹೊತ್ತಿಗೆ ಮುಗಿಯುತ್ತದಂತೆ. ಅದರಲ್ಲೇ ಬರುತ್ತೇನೆ. ಇಳಿಸಿಕೊಳ್ಳಲು ನಾಲ್ಕು ಜನ ಬೇಡ, ಪೆಟ್ಟಿಗೆ ಹಿಡಿಯಲು ಒಬ್ಬ ಸಾಕು ಎಂದು ರಾಯ್‌ಗೆ ಹೇಳು.

ಚಳಿ ಶುರುವಾಗುವ ಮುಂಚೆ ಕಿಟಕಿಗಳ ಸಂದು ಮುಚ್ಚಿಸು. ಮೊಮ್ಮಕ್ಕಳು ಬಂದಾಗ ನನ್ನ ಪರವಾಗಿ ಒಂದೊಂದು ಪೆಪ್ಪರ್‌ಮಿಂಟ್ ಕೊಡು. ನಿನ್ನ ಮನೆಯಲ್ಲಿ ಬೆಚ್ಚಗಿರಲಿ, ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಟ್ರೀನಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ನಾನು ಹೇಗಿದ್ದೇನೆ ಎಂದು ನೀನು ಕೇಳಿದ್ದೆ, ಇಷ್ಟುದ್ದ ಬರೆದೂ ಅದೊಂದಕ್ಕೆ ಉತ್ತರ ಕೊಟ್ಟಿಲ್ಲ. ಏಪ್ರಿಲ್‌ನಿಂದ ಈ ಮನೆಯಲ್ಲಿ ನಾನು ಕೂತು ಊಟ ಮಾಡಿಲ್ಲ ಅಲೀಡಾ. ಕೂತರೆ ಎದುರಿಗೆ ಹಾರ್ಲನ್‌ನ ಕುರ್ಚಿ ಕಾಣುತ್ತದೆ. ಸಿಂಕಿನ ಮುಂದೆ ನಿಂತೇ ತಿನ್ನುತ್ತೇನೆ, ತಟ್ಟೆ ತೊಳೆಯುತ್ತೇನೆ, ತೊಳೆದ ತಟ್ಟೆಯನ್ನು ಇನ್ನೊಮ್ಮೆ ತೊಳೆಯುತ್ತೇನೆ. ಈ ಕಾಗದವನ್ನೂ ನಿಂತೇ ಬರೆದೆ. ನಿನ್ನ ಮನೆಗೆ ಬಂದಾಗ ಊಟ ಮುಗಿದ ಕೂಡಲೇ ನಾನು ತಟ್ಟೆಗಳನ್ನು ಎತ್ತಿಕೊಂಡು ಏಳುತ್ತೇನೆ. ಕೈಯಿಂದ ಕಿತ್ತುಕೊಂಡು ನಿನ್ನ ಪಕ್ಕದಲ್ಲಿ ಕೂರಿಸಿಕೋ. ಪರವಾಗಿಲ್ಲ ಎನ್ನುತ್ತೇನೆ, ನಂಬಬೇಡ.