ರಟ್ಟಿನೊಳಗೆ ಅಂಟಿಸಿದ ಪತ್ರ

ಅಪ್ಪಾ,

ಅಮ್ಮನಿಗೆ ಓದು ಬರುತ್ತಿರಲಿಲ್ಲ. ನಿನಗೆ ಬರುತ್ತಿತ್ತು. ಆದರೂ ಅವಳನ್ನು ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಗೆ ಕರೆದು ಆಸ್ಪತ್ರೆಯವರು ಬರೆದ ಪತ್ರವನ್ನು, ಕಾಗದ ದಪ್ಪಗಿದೆಯೆಂದು, ಬೈಂಡಿಂಗಿಗೆ ಬಂದಿದ್ದ ಯಾರದೋ ಪುಸ್ತಕದ ರಟ್ಟಿನೊಳಗೆ ಅಂಟಿಸಿಬಿಟ್ಟೆ. ನಿನ್ನೆ ಆ ಪುಸ್ತಕ ರಿಪೇರಿಗೆ ಬಂದಿತ್ತು, ರಟ್ಟು ಬಿಚ್ಚಿ ಓದಿದೆ. ಒಂದಕ್ಷರವೂ ಮಾಸಿಲ್ಲ. ನಿನ್ನ ಬೈಂಡಿಂಗು ಅಷ್ಟು ಗಟ್ಟಿ.

ಊಟ ಮುಚ್ಚಿಟ್ಟಿದ್ದೇನೆ. ಅಂಟಿನ ಡಬ್ಬಿಗೆ ಮುಚ್ಚಳ ಹಾಕು.

ತಂಗಿಗೆ ಆ ಕ್ಯಾನ್ಸರ್ ಬರದಂತೆ ತಡೆಯುವ ಲಸಿಕೆ ಹಾಕಿಸಲು ಕರೆದುಕೊಂಡು ಹೋಗುತ್ತಿದ್ದೇನೆ. "ಮದುವೆಯಾಗದ ಹುಡುಗಿಗೆ ಆ ಸೂಜಿ ಯಾಕಮ್ಮಾ, ಜನ ಏನಂತಾರೆ?" ಅಂದೆಯಲ್ಲ, ಆ ಜನ ಬಂದರೆ ಕೂರಿಸಿ ನೀರು ಕೊಡು. ಇಷ್ಟು ದಿನ ಹೆಣ ನೋಡಲಷ್ಟೇ ಬಂದವರು ಅವರು.

ವಂಶದ ಕಾಯಿಲೆ ಅನ್ನಬೇಡ. ಪರೀಕ್ಷೆ ಮಾಡಿಸದಿರುವುದು ನಮ್ಮ ವಂಶದ ಚಾಳಿ.

ಅಜ್ಜಿ, ಅತ್ತೆ, ಅಮ್ಮ. ಒಂದೇ ಕಾಯಿಲೆಗೆ ಈ ಮನೆಯಿಂದ ಮೂರು ಜನ ಹೋದರು.