ನಾನು ತೊಳೆದುಹಾಕಿದ ಐದು ಸಾಲು

ನೌಕಾಪಡೆಯ ಅಪಘಾತ ವಿಚಾರಣಾ ಕಚೇರಿಯ ಮುಖ್ಯಸ್ಥರಾಗಿ, ಈ ತಿಂಗಳ ಕೊನೆಯ ದಿನ ನನ್ನ ಮಗನ ಕಡತವನ್ನು ಮುಚ್ಚಲಿರುವ ಮಾನ್ಯರೇ,

ಮುಚ್ಚಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಕಚೇರಿಯಲ್ಲಿ ಯಾವ ಪತ್ರದ ಎರಡನೆಯ ಪುಟವನ್ನೂ ಯಾರೂ ತಿರುವಿ ನೋಡುವುದಿಲ್ಲ ಎಂಬುದು ಎರಡು ವರ್ಷಗಳಲ್ಲಿ ನನಗೆ ಚೆನ್ನಾಗಿ ಅರ್ಥವಾಗಿದೆ. ನಿಮ್ಮ ವರದಿಯಲ್ಲಿ ಒಂದು ವಾಕ್ಯವಿದೆ: "ಇಂಧನ ಕಡಿಮೆಯಾಗುತ್ತಿರುವುದನ್ನು ಚಾಲಕರು ಗಮನಿಸದೆ ಹಾರಾಟ ಮುಂದುವರಿಸಿದ್ದೇ ಅಪಘಾತಕ್ಕೆ ಕಾರಣ." ಆ ಚಾಲಕ ನನ್ನ ಮಗ. ಆ ವಾಕ್ಯ ತಪ್ಪು ಎಂದು ತೋರಿಸಲು ಇದ್ದ ಒಂದೇ ಒಂದು ಪುರಾವೆಯನ್ನು ಹಾಳುಮಾಡಿದವಳು ನಾನು. ಹಾಳುಮಾಡಿದ್ದಲ್ಲದೆ, ಅದರ ಬಗ್ಗೆ ಸುಳ್ಳನ್ನೂ ಹೇಳಿದೆ. ಇಷ್ಟನ್ನು ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವುದಕ್ಕೆ ನನ್ನಂಥವಳಿಗೆ ಎಷ್ಟು ಕಷ್ಟ ಎಂದು ನೀವು ಊಹಿಸಬೇಕಾಗಿಲ್ಲ. ಮುಂದಿನದನ್ನು ಓದಿದರೆ ಸಾಕು.

ನಡೆದದ್ದು ನಿಮಗೆ ಗೊತ್ತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮುಳುಗುತ್ತಿದ್ದ ಮೀನುಗಾರಿಕೆ ದೋಣಿಯೊಂದರಿಂದ ಎಂಟು ಜನರನ್ನು ಎತ್ತಿ ತರಲು ನಿಮ್ಮ ಯುದ್ಧನೌಕೆಯಿಂದ ಒಂದು ಸಣ್ಣ ಹೆಲಿಕಾಪ್ಟರ್ ಹೊರಟಿತು. ಅದರಲ್ಲಿ ಇದ್ದದ್ದು ಇಬ್ಬರೇ. ನಡೆಸುವವನು ನನ್ನ ಮಗ. ಬಾಗಿಲಲ್ಲಿ ಕುಳಿತು ಹಗ್ಗ ಇಳಿಬಿಟ್ಟು ಜನರನ್ನು ಮೇಲೆಳೆದುಕೊಳ್ಳುವವನು ಇನ್ನೊಬ್ಬ. ಅವನನ್ನು ಜೊತೆಯವರು 'ಗಾಳ' ಎಂದೇ ಕರೆಯುತ್ತಾರೆ. ಎರಡು ಸರದಿಯಲ್ಲಿ ಆರು ಜನ ನೌಕೆ ಸೇರಿದರು. ಮೂರನೆಯ ಸಲ ಕೊನೆಯ ಇಬ್ಬರನ್ನು ತಂದಾಗ ನೌಕೆಯ ಮೇಲೆ ಇಳಿಯಲು ಜಾಗವಿರಲಿಲ್ಲ. "ಕಾಯಿರಿ" ಎಂದರಂತೆ. ಮತ್ತೆ ಕೇಳಿದಾಗ ಮತ್ತೆ "ಕಾಯಿರಿ." ಇದು ಗಾಳ ಹೇಳುವ ಮಾತು. ನಿಮ್ಮ ರೇಡಿಯೋ ಧ್ವನಿಮುದ್ರಣದಲ್ಲಿ ಸರಿಯಾಗಿ ಆ ಹೊತ್ತಿನದು ಮಾತ್ರ "ಅಸ್ಪಷ್ಟ"ವಾಗಿದೆ. ಹಿಂದಿನದೂ ಸ್ಪಷ್ಟ, ಮುಂದಿನದೂ ಸ್ಪಷ್ಟ. ಎಂಥ ಜಾಣ ಯಂತ್ರ! ಕೊನೆಗೆ ನನ್ನ ಮಗ ಹೆಲಿಕಾಪ್ಟರನ್ನು ನೀರಿನ ಹತ್ತಿರಕ್ಕೆ ಇಳಿಸಿ, ಆ ಇಬ್ಬರು ಮತ್ತು ಗಾಳ ಮೂವರೂ ನೀರಿಗೆ ಹಾರಿಕೊಳ್ಳುವವರೆಗೆ ಅಲ್ಲೇ ನಿಲ್ಲಿಸಿ ಹಿಡಿದ. ಮೂರನೆಯವನ ಕಾಲು ಹೆಲಿಕಾಪ್ಟರನ್ನು ಬಿಡುವ ಹೊತ್ತಿಗೆ ಎಂಜಿನ್ ನಿಂತಿತು. ಮೂವರು ಬದುಕಿದರು. ನನ್ನ ಮಗನನ್ನು ಮರುದಿನ ನೀರಿನಿಂದ ತೆಗೆದರು.

ಮೂರು ವಾರದ ಮೇಲೆ ನಿಮ್ಮವರು ಒಂದು ರಟ್ಟಿನ ಪೆಟ್ಟಿಗೆ ಕಳಿಸಿದರು. ಅವನ ಮೈಮೇಲಿದ್ದ ವಸ್ತುಗಳು. ಸೊಸೆ ಅದನ್ನು ಮುಟ್ಟಲಾರದೆ ನಿಂತಳು. "ನೀನು ಒಳಗೆ ಹೋಗು, ನಾನು ನೋಡ್ತೀನಿ" ಎಂದೆ. ನನ್ನ ಸ್ವಭಾವ ಹಾಗೆ. ಅಳು ಬಂದರೆ ಕೈಗೊಂದು ಕೆಲಸ ಹಚ್ಚಿಕೊಳ್ಳುತ್ತೇನೆ. ಬೂಟು ಒರೆಸಿದೆ, ಗಡಿಯಾರ ಒರೆಸಿದೆ. ಪೆಟ್ಟಿಗೆಯ ತಳದಲ್ಲಿ ಕಟ್ಟಿಕೊಳ್ಳುವ ಪಟ್ಟಿಯಿದ್ದ ಒಂದು ಬಿಳಿಯ ಪ್ಲಾಸ್ಟಿಕ್ ಹಲಗೆಯಿತ್ತು, ಅಂಗೈ ಎರಡರಷ್ಟು ದೊಡ್ಡದು. ಮೇಲೆಲ್ಲ ಉಪ್ಪು, ಜಿಡ್ಡು, ಕಪ್ಪು ಗೀರು. ನನ್ನ ಮಗನ ವಸ್ತು ಕೊಳಕಾಗಿ ಇರಬಾರದು ಎಂದು ಬಿಸಿನೀರು, ಸೋಪು, ನಾರು ತೆಗೆದುಕೊಂಡು ಉಜ್ಜಿದೆ. ಕನ್ನಡಕ ಹಾಕಿಕೊಂಡಿರಲಿಲ್ಲ. ಬೆಳ್ಳಗೆ ಹೊಳೆಯುವ ತನಕ ಉಜ್ಜಿದೆ, ಮಾನ್ಯರೇ. ಸಮಾಧಾನವೂ ಆಯಿತು.

ಹತ್ತು ದಿನ ಕಳೆದು ಗಾಳ ಬಂದ. ತಲೆಗೆ ಇನ್ನೂ ಪಟ್ಟಿ ಕಟ್ಟಿತ್ತು, ಹಾರಿದಾಗ ಪೆಟ್ಟಾಗಿತ್ತು. ಬಾಗಿಲಲ್ಲಿ ನಿಂತೇ ಕೇಳಿದ.

"ಅಮ್ಮಾ, ಪೆಟ್ಟಿಗೆ ಬಂತಾ? ಅದ್ರಲ್ಲಿ ಬಿಳೀ ಹಲಗೆ ಇತ್ತಾ? ತೊಡೆಗೆ ಕಟ್ಕೊಳ್ಳೋದು?"

"ಯಾಕಪ್ಪ?"

"ಎಲ್ಲ ಅದ್ರಲ್ಲೇ ಇದೆ ಅಮ್ಮಾ. ಕಾಯಿರಿ ಅಂತ ಎಷ್ಟು ಹೊತ್ತಿಗೆ ಅಂದ್ರು, ಆಗ ಇಂಧನ ಎಷ್ಟಿತ್ತು, ಒಂದೊಂದೂ ಬರ್ಕೊಂಡ. ನಾನು ಕಣ್ಣಾರೆ ನೋಡಿದೀನಿ. ಮೇಣದ ಪೆನ್ಸಿಲು, ಉಪ್ಪುನೀರಲ್ಲಿ ವಾರ ಬಿದ್ದಿದ್ರೂ ಹೋಗಲ್ಲ. ಬಿಸಿನೀರು ಸೋಪು ಹಾಕಿ ಉಜ್ಜಿದ್ರೆ ಮಾತ್ರ ಹೋಗೋದು." ಆಮೇಲೆ ನನ್ನನ್ನು ನಗಿಸಲೆಂದು ಹೇಳಿದ, "ಸಮುದ್ರದಲ್ಲಿ ಸೋಪು ಹಾಕೋರು ಯಾರಿದಾರೆ ಹೇಳಿ!"

ಸೊಸೆ ನೀರಿನ ಲೋಟ ಹಿಡಿದು ನಿಂತಿದ್ದಳು. "ಇತ್ತಾ ಅತ್ತೆ?" ಎಂದಳು.

"ಇಲ್ಲ" ಎಂದೆ. "ಹಲಗೆಗಿಲಗೆ ಏನೂ ಬಂದಿಲ್ಲ."

ಎಪ್ಪತ್ತೊಂದು ವರ್ಷದ ಮುದುಕಿ, ಮನೆಯವರಿಗೆಲ್ಲ ಸುಳ್ಳು ಹೇಳಬೇಡಿ ಎಂದು ಗದರಿಕೊಂಡು ಬಂದವಳು, ಅಷ್ಟು ಸಲೀಸಾಗಿ ಹೇಳಿದೆ. ಹಲಗೆ ಆಗ ನನ್ನ ಬೀರುವಿನಲ್ಲಿ ಹೊದಿಕೆಗಳ ಕೆಳಗಿತ್ತು. ಗಾಳ ನಿಮ್ಮ ಮುಂದೆ ಬಂದು ಅದನ್ನೇ ಹೇಳಿದ: ಹಲಗೆ ಇತ್ತು, ಬರಹ ಇತ್ತು, ಆದರೆ ಮನೆಗೆ ಬಂದಿಲ್ಲವಂತೆ. ನೀವು ಬರೆದಿರಿ: "ಹಲಗೆ ದೊರೆತಿಲ್ಲ. ತಲೆಗೆ ಪೆಟ್ಟಾದ ಸಾಕ್ಷಿಯ ನೆನಪು ನಂಬಲರ್ಹವಲ್ಲ." ಎಂಟು ಜನರನ್ನು ಸಮುದ್ರದಿಂದ ಎತ್ತಿದವನು ಇವತ್ತು ನಿಮ್ಮ ಗೋದಾಮಿನಲ್ಲಿ ಹಗ್ಗ ಸುತ್ತಿಡುತ್ತಿದ್ದಾನೆ. ಅವನ ತಲೆ ಸರಿಯಾಗಿತ್ತು. ಸರಿಯಿಲ್ಲದ್ದು ನನ್ನ ನಾಲಿಗೆ.

ನನ್ನ ಮಗ "ಗಮನಿಸಲಿಲ್ಲ" ಎನ್ನುತ್ತೀರಿ. ನಿಮ್ಮ ಮನೆಯ ಅಡುಗೆಕೋಣೆಯ ಬಲ್ಬಿಗೆ ಎಷ್ಟು ವಯಸ್ಸು ಎಂದು ನಿಮಗೆ ಗೊತ್ತೇ? ನನಗೆ ಗೊತ್ತು. ರಜೆಯಲ್ಲಿ ಬಂದಾಗ ಬದಲಿಸಿದ ಪ್ರತಿಯೊಂದು ಬಲ್ಬಿನ ಬುಡದಲ್ಲಿ ಅವನು ತಾರೀಖು ಬರೆಯುತ್ತಿದ್ದ. ನನ್ನ ಮಾತ್ರೆಯ ಡಬ್ಬಿಯ ಮೇಲೆ, ಹೊಸ ಪೊರಕೆಯ ಹಿಡಿಯ ಮೇಲೆ ಕೂಡ ಬರೆದ. "ಪೊರಕೆಗೆ ಜಾತಕ ಬರೀತೀಯೇನೋ?" ಎಂದು ಬೈದರೆ, "ಎಷ್ಟು ದಿನ ಬಾಳುತ್ತೆ ಅಂತ ಗೊತ್ತಿರ್ಬೇಕಲ್ಲಮ್ಮ" ಎಂದ. ಚಿಕ್ಕವನಿದ್ದಾಗ ಮರೆಗುಳಿ. ಪೇಟೆಗೆ ಕಳಿಸಿದರೆ ಬರಿಗೈಲಿ ಬರುತ್ತಿದ್ದ. ಎರಡು ಏಟು ಕೊಟ್ಟು ಬರೆದುಕೊಂಡು ಹೋಗುವುದನ್ನು ಕಲಿಸಿದವಳು ನಾನೇ. ಪೊರಕೆಯ ಆಯುಸ್ಸು ಗುರುತು ಹಾಕಿಕೊಳ್ಳುವವನು ತನ್ನ ಇಂಧನವನ್ನು ಗುರುತು ಹಾಕಿಕೊಳ್ಳಲಿಲ್ಲವೇ?

ಕಡತ ಮುಚ್ಚುತ್ತೇವೆ, ಅದಕ್ಕೆ ಸಂಬಂಧಿಸಿದ ಚಿಲ್ಲರೆ ಕಾಗದಗಳನ್ನು ನಾಶಪಡಿಸುತ್ತೇವೆ ಎಂಬ ನಿಮ್ಮ ಸೂಚನೆ ಹೋದ ವಾರ ಬಂತು. ಆ ದಿನ ನಾನು ಕನ್ನಡಕ ಹಾಕಿಕೊಂಡು, ನೀವು ಕಳಿಸಿದ್ದೆಲ್ಲವನ್ನೂ ಹರಡಿಕೊಂಡು, ಒಂದಕ್ಷರ ಬಿಡದೆ ಓದಿದೆ. ಪೆಟ್ಟಿಗೆಯ ಜೊತೆ ಬಂದ ಸಾಮಾನಿನ ಪಟ್ಟಿ ಸಿಕ್ಕಿತು. ಓದದೆ ಸಹಿ ಹಾಕಿದ್ದೆ. ಅದರಲ್ಲಿ ಆರನೆಯದು: "ತೊಡೆಗೆ ಕಟ್ಟುವ ಪ್ಲಾಸ್ಟಿಕ್ ಹಲಗೆ, ಒಂದು. ಮೇಲೆ ಪೆನ್ಸಿಲ್ ಬರಹ, ಐದು ಸಾಲು."

ಐದು ಸಾಲು! ಮಾನ್ಯರೇ, ನಿಮ್ಮ ಕಚೇರಿಯಲ್ಲೇ ಯಾರೋ ಒಬ್ಬರು ಆ ಹಲಗೆಯನ್ನು ಕೈಯಲ್ಲಿ ಹಿಡಿದು ಸಾಲು ಎಣಿಸಿದ್ದಾರೆ. ಎಣಿಸಿದವರು ಓದದೆ ಇದ್ದಾರೆಯೇ? ನಾನು ಸುಳ್ಳು ಹೇಳಿದೆ, ಒಪ್ಪಿದೆ. ಆದರೆ ನನ್ನ ಸುಳ್ಳನ್ನು ಬಯಲು ಮಾಡಲು ನೀವು ಕೆಳಗಿನ ಮಹಡಿಯ ಒಂದು ಕಪಾಟು ತೆರೆದಿದ್ದರೆ ಸಾಕಿತ್ತು. ವಿಚಾರಣೆ ಇನ್ನೂ ನಡೆಯುತ್ತಿರುವಾಗ, ಸತ್ತವನು ಕೊನೆಯದಾಗಿ ಬರೆದ ಅಕ್ಷರಗಳನ್ನು ಬೂಟಿನ ಕೆಳಗೆ ಹಾಕಿ ಅವನ ತಾಯಿಗೆ ಕಳಿಸಿದವರು ಯಾರು?

ಪಟ್ಟಿ ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತ ಒಳ್ಳೆಯವನೇ, ಕುರ್ಚಿ ಕೊಟ್ಟ.

"ಅಜ್ಜಿ, ಇದು ಸಾಮಾನು ತಲುಪಿದ್ದಕ್ಕೆ ರಸೀದಿ. ಸಾಕ್ಷ್ಯ ಅಲ್ಲ."

"ಐದು ಸಾಲು ಅಂತ ಎಣಿಸಿದ್ದು ಯಾರಪ್ಪ?"

"ಅದು ಸಾಮಾನು ಕಳಿಸೋ ವಿಭಾಗದವರು. ಕೆಳಗಿನ ಮಹಡಿ."

"ಇಳಿದು ಹೋಗಿ ಕೇಳಬಹುದಲ್ಲ?"

"ಹಾಗೆಲ್ಲ ಕೇಳೋಕಾಗಲ್ಲ. ಪತ್ರ ಬರೀಬೇಕು. ಪತ್ರ ಬರೀಬೇಕಾದ್ರೆ ಕಡತ ತೆರೆದಿರ್ಬೇಕು."

"ಇನ್ನೂ ಮುಚ್ಚಿಲ್ವಲ್ಲ?"

"ಮುಚ್ಚೋ ಹಂತದಲ್ಲಿರೋದನ್ನ ತೆರೆದಿದೆ ಅಂತ ಹೇಳೋಕೆ ಬರಲ್ಲ ಅಜ್ಜಿ."

ನಾನೇ ಇಳಿದು ಹೋದೆ. ಇಪ್ಪತ್ತೆರಡು ಮೆಟ್ಟಿಲು. ಬಾಗಿಲಲ್ಲಿದ್ದ ಕಾವಲಿನವನು ಸಾರ್ವಜನಿಕರಿಗೆ ಪ್ರವೇಶವಿಲ್ಲ ಎಂದ. ನನ್ನ ಮಗನನ್ನು ಕೊಟ್ಟ ಮೇಲೂ ನಾನು ಸಾರ್ವಜನಿಕರೇ.

ಇಲ್ಲಿಯವರೆಗೆ ಬರೆದದ್ದನ್ನು, ಪತ್ರಿಕೆಗೆ ಕೊಡುವ ಮೊದಲು, ಸೊಸೆಯನ್ನು ಕೂರಿಸಿಕೊಂಡು ಓದಿ ಹೇಳಿದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಹಲಗೆಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಬಹಳ ಹೊತ್ತು ಹುಡುಕಿದಳು. ಏನೂ ಕಾಣಲಿಲ್ಲ. "ಅತ್ತೆ, ಅದು ಅವರ ಅಕ್ಷರ ಆಗಿತ್ತು" ಎಂದಳು. ಅಷ್ಟೇ. ಅಂದಿನಿಂದ ನನ್ನೊಡನೆ ಮಾತಿಲ್ಲ. ನಾನು ಅವಳನ್ನು ತಪ್ಪೆನ್ನಲಾರೆ.

ಆದ್ದರಿಂದ ಬೇಡುತ್ತೇನೆ. ಬೇಡುವುದು ನನಗೆ ರೂಢಿಯಿಲ್ಲ, ಮಾತು ಒರಟಾದರೆ ಸಹಿಸಿಕೊಳ್ಳಿ. ಆ ಪಟ್ಟಿ ಬರೆದ ಮನುಷ್ಯ ನಿವೃತ್ತನಾಗಿರಲಿ, ವರ್ಗವಾಗಿ ಎಲ್ಲಿಗೇ ಹೋಗಿರಲಿ, ಹುಡುಕಿಸಿ. ಎರಡು ವರ್ಷದ ಹಿಂದೆ ಎಣಿಸಿದ ಐದು ಸಾಲುಗಳಲ್ಲಿ ಏನಿತ್ತು ಎಂದು ಕೇಳಿ. ಒಂದು ಗಂಟೆಯ ಅಂಕಿ, ಒಂದು ಪದ, ಅರ್ಧ ಪದ ನೆನಪಿದ್ದರೂ ಬರೆಸಿಕೊಳ್ಳಿ. ಹಲಗೆಯ ಫೋಟೋ ತೆಗೆದಿದ್ದರೆ ಹೊರಗೆ ತೆಗೆಯಿರಿ. ಗಾಳನನ್ನು ಮತ್ತೆ ಕರೆಸಿ, ಈ ಸಲ ಅವನ ಮಾತನ್ನು ಮಾತೆಂದು ಕೇಳಿ. ಅಲ್ಲಿಯವರೆಗೆ ಒಂದು ಚೂರು ಕಾಗದವನ್ನೂ ಹರಿಯಬೇಡಿ. ಇನ್ನು ಹನ್ನೊಂದು ದಿನ ಮಾತ್ರ ಉಳಿದಿದೆ.

ಆ ಐದು ಸಾಲುಗಳಲ್ಲಿ ನನ್ನ ಮಗನದೇ ತಪ್ಪು ಎಂದಿದ್ದರೆ ಅದನ್ನೂ ಹೇಳಿ. ನಾನು ಕೇಳಿಸಿಕೊಳ್ಳುತ್ತೇನೆ, ಸೊಸೆಯೂ ಕೇಳಿಸಿಕೊಳ್ಳುತ್ತಾಳೆ. ಅವನು ಬರೆದದ್ದರ ಮೇಲೆ ಅವನನ್ನು ತೂಗಿ. ನಾನು ತೊಳೆದದ್ದರ ಮೇಲೆ ತೂಗಬೇಡಿ.

ಇಂತಿ,
ಸುಳ್ಳು ಹೇಳಿದ್ದಕ್ಕೆ ಯಾವ ಶಿಕ್ಷೆ ಕೊಟ್ಟರೂ ಬಂದು ನಿಲ್ಲುವ,
ಒಬ್ಬ ಹೆಲಿಕಾಪ್ಟರ್ ಚಾಲಕನ ತಾಯಿ